ಚೀಟಿ ಕುಡಿಯುತ್ತಿದ್ದವರು

ಬೋರ್ಡಿನ ಮೇಲೆ ಕೃಷ್ಣರಾಜ ಮಾರುಕಟ್ಟೆ ಅಂತ ಇದ್ದರೂ ನಮ್ಮ ಮನೆಯಲ್ಲಿ ಅದನ್ನು ಯಾರೂ ಹಾಗೆ ಕರೆದಿಲ್ಲ. ಅಪ್ಪನಿಗೆ ಅದು ಬರೀ ‘ಮಾರ್ಕೆಟ್ಟು’. ಅಮ್ಮನಿಗೆ ‘ನಿಮ್ಮಪ್ಪನ ಮಾರ್ಕೆಟ್ಟು’. ಆ ‘ನಿಮ್ಮಪ್ಪನ’ ಅನ್ನೋದರಲ್ಲಿ ಎಷ್ಟು ಬೇಸರ ಇತ್ತು ಅಂತ ನನಗೆ ಅರ್ಥವಾಗಿದ್ದು ತುಂಬಾ ತಡವಾಗಿ.

ಮಾರುಕಟ್ಟೆಯ ಚರಿತ್ರೆ ನಿಮಗೆ ಗೊತ್ತೇ ಇರುತ್ತೆ. ಸಿದ್ಧಿಕಟ್ಟೆ ಅನ್ನೋ ಕೆರೆ ಇದ್ದ ಜಾಗ. ಎದುರಿಗೇ ಕೋಟೆ. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಆ ಕೋಟೆ ಹಿಡಿದಾಗ ಇಲ್ಲೆಲ್ಲಾ ರಕ್ತ ಹರಿದಿತ್ತು. ಆಮೇಲೆ ಮಾರುಕಟ್ಟೆಗೆ ನಾಲ್ವಡಿಯವರ ಹೆಸರು ಬಂತು. ಕೋಟೆ, ಅರಮನೆ, ಜುಮ್ಮಾ ಮಸೀದಿ, ವಿಕ್ಟೋರಿಯಾ ಆಸ್ಪತ್ರೆ ಎಲ್ಲದರ ಬಗ್ಗೆಯೂ ಬರೆದವರಿದ್ದಾರೆ. ನಾನು ಹೇಳಹೊರಟಿರೋದು ಅದೇ ಮಾರುಕಟ್ಟೆಯ ಇನ್ನೊಂದು ಚರಿತ್ರೆ. ಅದಕ್ಕೆ ಶಿಲಾಶಾಸನ ಇಲ್ಲ. ಒಂದು ಲೆಕ್ಕದ ಪುಸ್ತಕ ಮಾತ್ರ ಇದೆ, ಅದೂ ನಮ್ಮ ಮನೆ ಬೀರುವಿನಲ್ಲಿ.

ಅಪ್ಪ ಒಂದು ಹೂವಿನ ಮಂಡಿಯಲ್ಲಿ ಗುಮಾಸ್ತ. ಚಾಮರಾಜಪೇಟೆಯ ವಠಾರದಿಂದ ಬೆಳಗಿನ ಜಾವ ಮೂರೂವರೆಗೆ ನಡೆದೇ ಹೋಗೋರು. ಸೇವಂತಿಗೆ, ಕನಕಾಂಬರ, ಸುಗಂಧರಾಜದ ಮೂಟೆಗಳು ಇಳಿಯೋ ಹೊತ್ತು ಅದು. ಹತ್ತು ಗಂಟೆಯೊಳಗೆ ದೊಡ್ಡ ವ್ಯಾಪಾರ ಮುಗಿದುಬಿಡೋದು. ಆಮೇಲೆ ಕೈಯಲ್ಲಿ ಒಂದಷ್ಟು ನೋಟು, ಮುಂದೆ ಇಡೀ ದಿನ. ಮಾರ್ಕೆಟ್ಟಿನಲ್ಲಿ ಜೂಜು ಯಾಕೆ ಬೇರು ಬಿಡ್ತು ಅಂದ್ರೆ ಅರ್ಧ ಉತ್ತರ ಇಲ್ಲೇ ಇದೆ. ಅಲ್ಲಿ ದುಡ್ಡು ತಿಂಗಳ ಕೊನೆಗೆ ಬರಲ್ಲ, ದಿನಾ ಬರುತ್ತೆ. ಬೆಲೆ ಕೂಡ ದಿನಾ ಏರಿ ಇಳಿಯುತ್ತೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬಂಗಾರದ ಬೆಲೆಗೆ ಹೋದ ಹೂವನ್ನ ಹಬ್ಬ ಮುಗಿದ ಮಾರನೇ ದಿನ ಕಸದ ಲಾರಿಗೆ ತುಂಬ್ತಾರೆ. ಅದೃಷ್ಟ ಅನ್ನೋದನ್ನ ದಿನಾ ಕಣ್ಣಾರೆ ನೋಡೋ ಮನುಷ್ಯನಿಗೆ ಇನ್ನೊಂದು ಚೀಟಿ ಕೊಳ್ಳೋದು ದೊಡ್ಡ ವಿಷಯ ಅನ್ನಿಸೋದಿಲ್ಲ.

ಉಳಿದರ್ಧ ಉತ್ತರ ಸಾಲ. ಬೆಳಿಗ್ಗೆ ಒಂಬೈನೂರು ಕೊಟ್ಟು ಸಂಜೆ ಸಾವಿರ ವಸೂಲಿ ಮಾಡೋ ಬಡ್ಡಿಯವರು ಮಾರ್ಕೆಟ್ಟಿನ ಬೀದಿ ವ್ಯಾಪಾರಿಗಳಿಗೆ ಹೊಸಬರಲ್ಲ. ವರ್ಷಕ್ಕೆ ಮುನ್ನೂರು ದಿನ ಹೀಗೆ ನಡೆದರೆ ಒಂಬೈನೂರು ರೂಪಾಯಿಯ ಬಂಡವಾಳಕ್ಕೆ ಮೂವತ್ತು ಸಾವಿರ ಬಡ್ಡಿ. 2018ರಲ್ಲಿ ಸರ್ಕಾರ ‘ಬಡವರ ಬಂಧು’ ಅಂತ ಹತ್ತು ಸಾವಿರದವರೆಗೆ ಬಡ್ಡಿಯಿಲ್ಲದ ಸಾಲದ ಯೋಜನೆ ತಂದಿದ್ದು ಇವರಿಂದ ಬಿಡಿಸೋಕೇ. ವ್ಯಾಪಾರಕ್ಕೆ ಅಷ್ಟು ಸುಲಭವಾಗಿ ಸಿಗೋ ದುಡ್ಡು ಜೂಜಿಗೂ ಅಷ್ಟೇ ಸುಲಭವಾಗಿ ಸಿಗುತ್ತೆ. ಬಡ್ಡಿಯವನು ಯಾಕೆ ಅಂತ ಕೇಳಲ್ಲ.

ಅಪ್ಪ ಶುರು ಮಾಡಿದ್ದು ಲಾಟರಿಯಿಂದ. ನಾನು ಆಗ ಎಂಟನೇ ಕ್ಲಾಸು, 1996. ಬಸ್ ಸ್ಟಾಪುಗಳ ಪಕ್ಕ ಮಡಚೋ ಟೇಬಲ್ಲು, ಅದರ ಮೇಲೆ ದಾರಕ್ಕೆ ಸಿಕ್ಕಿಸಿದ ಬಣ್ಣದ ಟಿಕೆಟ್ಟುಗಳು ನಿಮಗೆ ನೆನಪಿರಬಹುದು. 1967ರಲ್ಲಿ ಕೇರಳ ಸರ್ಕಾರಿ ಲಾಟರಿ ಶುರು ಮಾಡಿದ ಮೇಲೆ ಒಂದೊಂದೇ ರಾಜ್ಯ ಅದೇ ದಾರಿ ಹಿಡೀತು, ನಮ್ಮದೂ ಹಿಡೀತು. ಸರ್ಕಾರದ ಮುದ್ರೆ ಇದ್ದಿದ್ದರಿಂದ ಅದನ್ನ ಯಾರೂ ಜೂಜು ಅಂತ ಅನ್ನಲಿಲ್ಲ. ತೊಂಬತ್ತರ ದಶಕದಲ್ಲಿ ಬಂದ ಒಂದಂಕಿ ಲಾಟರಿ ಎಲ್ಲವನ್ನೂ ಬದಲಾಯಿಸ್ತು. ಬಂಪರ್ ಟಿಕೆಟ್ಟಾದರೆ ವಾರಗಟ್ಟಲೆ ಕಾಯಬೇಕು, ಕನಸಾದರೂ ಕಾಣಬಹುದು. ಒಂದಂಕಿಯದ್ದು ಆಗಲೇ ಟಿಕೆಟ್ಟು, ಆಗಲೇ ರಿಸಲ್ಟು, ಆಗಲೇ ಇನ್ನೊಂದು ಟಿಕೆಟ್ಟು. ಇದು ಮನೆಗಳನ್ನ ಹಾಳು ಮಾಡ್ತಿದೆ ಅಂತ ಕೊನೆಗೆ ದಿಲ್ಲಿಗೂ ಗೊತ್ತಾಯ್ತು. 1998ರ ಲಾಟರಿ ಕಾಯ್ದೆ ಒಂದಂಕಿ ಬಹುಮಾನವನ್ನ ನಿಷೇಧಿಸ್ತು, ಒಂದು ಲಾಟರಿಗೆ ವಾರಕ್ಕೆ ಒಂದೇ ಡ್ರಾ ಅಂತ ಮಿತಿ ಹಾಕ್ತು.

ಒಂದು ವಿಚಿತ್ರ ಇದೆ. ಒಂದು ರಾಜ್ಯ ತನ್ನ ಲಾಟರಿ ನಡೆಸ್ತಾ ಬೇರೆ ರಾಜ್ಯದ ಲಾಟರಿಯನ್ನ ಮಾತ್ರ ತಡೆಯೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳ್ತು. ಹೊರಗಿನದನ್ನ ತಡೀಬೇಕು ಅಂದ್ರೆ ನಿಮ್ಮದನ್ನೂ ಮುಚ್ಚಿ. ಹಾಗಾಗಿ 2007ರಲ್ಲಿ ಕುಮಾರಸ್ವಾಮಿಯವರ ಸರ್ಕಾರ ಲಾಟರಿ ನಿಲ್ಲಿಸಿದಾಗ ಕಾಗದದ್ದು, ಆನ್‌ಲೈನಿನದ್ದು, ಸ್ವಂತದ್ದು, ಪರರಾಜ್ಯದ್ದು ಎಲ್ಲಾ ಒಟ್ಟಿಗೇ ಹೋಯ್ತು. ಅದೇ ವರ್ಷ ಜುಲೈ 1ರಿಂದ ಸಾರಾಯಿಯೂ ಬಂದ್. ಅಮ್ಮ ಆ ತಿಂಗಳು ಬನಶಂಕರಿಗೆ ನಿಂಬೆಹಣ್ಣಿನ ದೀಪ ಹಚ್ಚಿ ಬಂದಳು. ಎರಡೂ ಪೀಡೆ ಒಂದೇ ವರ್ಷ ತೊಲಗಿತು ಅಂತ ವಠಾರದ ಹೆಂಗಸರೆಲ್ಲಾ ಮಾತಾಡಿಕೊಂಡರು.

ಅಪ್ಪ ಮೂರು ವಾರ ಮನೆಗೆ ಸರಿಯಾಗಿ ದುಡ್ಡು ತಂದರು. ಆಮೇಲೆ ಓಸಿಗೆ ಹೋದರು.

ಓಸಿ ಅಂದ್ರೆ ಓಪನ್-ಕ್ಲೋಸ್. ನಮ್ಮ ಪತ್ರಿಕೆಗಳು ಮಟ್ಕಾ ಅಂತ ಬರೆಯೋದು ಅದನ್ನೇ. ಅದರ ಹುಟ್ಟು ನಮ್ಮೂರಲ್ಲ, ಮುಂಬಯಿ. ನ್ಯೂಯಾರ್ಕಿನ ಹತ್ತಿ ವಿನಿಮಯ ಕೇಂದ್ರದಿಂದ ತಂತಿಯಲ್ಲಿ ಬರುತ್ತಿದ್ದ ಧಾರಣೆಯ ಅಂಕಿಗಳ ಮೇಲೆ ಅಲ್ಲಿ ಬಾಜಿ ಕಟ್ತಿದ್ದರು. 1961ರಲ್ಲಿ ಆ ಅಂಕಿ ಬರೋದು ನಿಂತಾಗ ಆಟವೂ ನಿಲ್ಲಬೇಕಿತ್ತು. ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣ್‌ಜಿ ಭಗತ್, ಎರಡು ವರ್ಷದ ಮೇಲೆ ರತನ್ ಖತ್ರಿ, ತಾವೇ ಅಂಕಿ ಎತ್ತೋಕೆ ಶುರು ಮಾಡಿದರು. ಚೀಟಿ ಎತ್ತೋಕೆ ಮಡಕೆ ಬಳಸ್ತಿದ್ದರಂತೆ, ಅದಕ್ಕೇ ಮಟ್ಕಾ. ಆಮೇಲೆ ಇಸ್ಪೀಟಿನ ಎಲೆ ಬಂತು, ಹೆಸರು ಮಾತ್ರ ಹಾಗೇ ಉಳೀತು. ಹತ್ತಿಗೂ ಅಂಕಿಗೂ ಇದ್ದ ಸಂಬಂಧ ಕಡಿದುಹೋದರೂ ಆಟ ಇನ್ನೂ ಜೋರಾಗಿ ಬೆಳೆದದ್ದು ನೋಡಿದ್ರೆ, ಜನಕ್ಕೆ ಹತ್ತಿಯ ಧಾರಣೆ ಯಾವತ್ತೂ ಮುಖ್ಯವಾಗಿರಲಿಲ್ಲ ಅಂತ ಗೊತ್ತಾಗುತ್ತೆ.

ಲೆಕ್ಕ ನೋಡಿ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿ. ನಿಮ್ಮ ಅಂಕಿ ಬಂದ್ರೆ ಒಂದಕ್ಕೆ ಒಂಬತ್ತು. ಅಂದ್ರೆ ನೂರು ರೂಪಾಯಿ ಕಟ್ಟಿದವನು ಸರಾಸರಿ ಹತ್ತು ಕಳ್ಕೋತಾನೆ. ‘ಬರೀ ಹತ್ತೇ ತಾನೆ, ಅದಕ್ಕೆ ಮನೆ ಹೇಗೆ ಮುಳುಗುತ್ತೆ?’ ಅಂತ ನಾನು ಒಂದು ಸಲ ಅಪ್ಪನ್ನೇ ಕೇಳಿದ್ದೆ. ಮುಳುಗಿಸೋದು ಆ ಹತ್ತಲ್ಲ. ಉಳಿದ ತೊಂಬತ್ತನ್ನ ಯಾರೂ ಮನೆಗೆ ತಗೊಂಡು ಹೋಗಲ್ಲ, ತಿರುಗಿ ಕಟ್ತಾರೆ. ತೊಂಬತ್ತು ಎಂಬತ್ತೊಂದಾಗುತ್ತೆ. ಏಳು ಸುತ್ತು ಹಾಗೇ ತಿರುಗಿಸಿದರೆ ಅರ್ಧಕ್ಕಿಂತ ಕಡಿಮೆ ಉಳಿಯುತ್ತೆ. ಆಮೇಲೆ ಹೋದದ್ದನ್ನ ಎಬ್ಬಿಸೋಕೆ ಸಾಲ ತಂದು ಎರಡರಷ್ಟು ಕಟ್ತಾರೆ. ಗುಮಾಸ್ತನಾಗಿದ್ದ ಅಪ್ಪನಿಗೆ ಈ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿರೋದಕ್ಕೂ ಬಿಡೋದಕ್ಕೂ ಸಂಬಂಧ ಇಲ್ಲ ಅನ್ನೋದೇ ಈ ಕಾಯಿಲೆ.

ಇನ್ನೊಂದು ವಿಷಯ. ಓಸಿ ಬರೆಸುವವರೂ ಒಂದು ಗುಂಪೇ. ರಾತ್ರಿ ಕನಸಲ್ಲಿ ಹಾವು ಬಂದ್ರೆ ಯಾವ ಅಂಕಿ, ಹೆಣ ಬಂದ್ರೆ ಯಾವ ಅಂಕಿ, ಇವತ್ತು ಯಾವ ಬಸ್ಸಿನ ನಂಬರು ಎರಡು ಸಲ ಕಣ್ಣಿಗೆ ಬಿತ್ತು, ಇದನ್ನೆಲ್ಲಾ ಬೈಟು ಕಾಫಿ ಕುಡೀತಾ ಮಾತಾಡೋ ನಾಲ್ಕು ಜನ ಇರ್ತಿದ್ದರು. ಸೋತವನ ಹೆಗಲ ಮೇಲೆ ಕೈ ಹಾಕೋರು ಅಲ್ಲೇ ಸಿಗ್ತಿದ್ದರು. ಮನೆಯಲ್ಲಿ ಬೈಗುಳ, ಅಲ್ಲಿ ಸಮಾಧಾನ. ಜೂಜು ಬಿಡು ಅನ್ನೋದು ಆ ನಾಲ್ಕು ಜನರನ್ನೂ ಬಿಡು ಅಂದಂತೆ. ಬಿಟ್ಟು ಎಲ್ಲಿಗೆ ಹೋಗೋದು?

2009ರ ದಸರಾ ಹೊತ್ತಿಗೆ ಅಪ್ಪ ಮಂಡಿಯ ಗಲ್ಲಾಪೆಟ್ಟಿಗೆಯಿಂದ ನಾಲ್ಕು ಸಾವಿರದ ಇನ್ನೂರು ರೂಪಾಯಿ ತೆಗೆದರು. ಆಯುಧಪೂಜೆಯ ವ್ಯಾಪಾರದ ಲೆಕ್ಕದಲ್ಲಿ ಅದು ಸಿಕ್ಕಿಬಿತ್ತು. ಯಜಮಾನರು ಪೊಲೀಸಿಗೆ ಹೇಳ್ತೀನಿ ಅಂದರು. ಆಗ ನಡುವೆ ಬಂದವರು ಪಕ್ಕದ ಮಂಡಿಯ ಒಬ್ಬ ಹಿರಿಯರು. ನಾವು ಮಕ್ಕಳು ಅವರನ್ನ ಹೂವಿನ ಮಾವ ಅಂತಿದ್ದೆವು. ಹೆಸರು ಬೇಡ, ಯಾಕೆ ಅಂತ ಮುಂದೆ ಹೇಳ್ತೀನಿ. ಒಂದು ಕಾಲದಲ್ಲಿ ಮಹಾ ಕುಡುಕರು, ಕುಡಿತ ಬಿಟ್ಟು ಹದಿನೈದು ವರ್ಷ ಆಗಿತ್ತು. ಅವರು ಯಜಮಾನರಿಗೆ, ‘ದುಡ್ಡು ನಾನು ಕೊಡ್ತೀನಿ, ಇವನನ್ನ ನನಗೆ ಬಿಡಿ’ ಅಂದರಂತೆ. ಅವತ್ತೇ ಸಂಜೆ ಒಂದು ಚರ್ಚಿನ ಹಿಂದಿನ ಕೋಣೆಯಲ್ಲಿ ಕುಡಿತ ಬಿಟ್ಟವರು ಸೇರೋ ಜಾಗಕ್ಕೆ ಅಪ್ಪನನ್ನ ಕರ್ಕೊಂಡು ಹೋದರು.

‘ನಾನು ಕುಡಿಯಲ್ವಲ್ಲ ಅಣ್ಣ’ ಅಂದರಂತೆ ಅಪ್ಪ.

‘ನೀನು ಚೀಟಿ ಕುಡೀತೀಯ. ಬಾ, ಕೂತ್ಕೋ.’

ಆ ಗುಂಪಿನ ಚರಿತ್ರೆಯನ್ನ ನಾನು ಆಮೇಲೆ ಓದಿ ತಿಳ್ಕೊಂಡೆ. 1935ರಲ್ಲಿ ಅಮೆರಿಕದ ಆಕ್ರಾನ್ ಊರಿನಲ್ಲಿ ಒಬ್ಬ ಶೇರು ದಲ್ಲಾಳಿ, ಒಬ್ಬ ಸರ್ಜನ್ ಭೇಟಿಯಾದರು. ಇಬ್ಬರೂ ಕುಡುಕರು. ಒಬ್ಬರಿಗೊಬ್ಬರು ತಮ್ಮ ಕಥೆ ಹೇಳಿಕೊಂಡಷ್ಟು ಹೊತ್ತು ಕುಡಿಯಬೇಕು ಅನ್ನಿಸಲಿಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹಾಗೆ. ಅನಾನಿಮಸ್ ಅಂದ್ರೆ ಹೆಸರು ಹೊರಗೆ ಹೇಳಬಾರದು. ಹೂವಿನ ಮಾವನ ಹೆಸರು ಹೇಳದೇ ಇರೋದಕ್ಕೆ ಕಾರಣ ಇದೇ. 1957ರ ಸೆಪ್ಟೆಂಬರ್ 13ರ ಶುಕ್ರವಾರ ಲಾಸ್ ಏಂಜಲೀಸಿನಲ್ಲಿ ಜೂಜುಕೋರರು ಅದೇ ಮಾದರಿಯಲ್ಲಿ ತಮ್ಮ ಮೊದಲ ಸಭೆ ಸೇರಿದರು. ಅದು ಗ್ಯಾಂಬ್ಲರ್ಸ್ ಅನಾನಿಮಸ್. ಗಮನಿಸಿ, ವೈದ್ಯರು ಇದನ್ನ ಕಾಯಿಲೆ ಅಂತ ಒಪ್ಪೋಕೆ ಇನ್ನೂ ಬಹಳ ವರ್ಷ ಇತ್ತು. 1972ರಲ್ಲಿ ಒಹಾಯೊದ ಬ್ರೆಕ್ಸ್‌ವಿಲ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯ ರಾಬರ್ಟ್ ಕಸ್ಟರ್ ಅನ್ನೋ ಮನೋವೈದ್ಯರು ಜೂಜಿನವರಿಗೆ ಅಂತಲೇ ಒಳರೋಗಿ ವಿಭಾಗ ತೆರೆದರು. ಅವರ ಹತ್ತಿರ ಹೋಗಿ ಸಹಾಯ ಕೇಳಿದ್ದು ಅದೇ ಗುಂಪಿನ ಜನ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಜೂಜು ಸೇರಿದ್ದು 1980ರಲ್ಲಿ. ಕುಡಿತ, ಗಾಂಜಾಗಳ ಸಾಲಿನಲ್ಲೇ ಅದೂ ಒಂದು ಚಟ ಅಂತ ವರ್ಗೀಕರಿಸಿದ್ದು 2013ರಲ್ಲಿ. ಹೂವಿನ ಮಾವ ಚೀಟಿ ಕುಡೀತೀಯ ಅಂದಿದ್ದು ಅದಕ್ಕಿಂತ ನಾಲ್ಕು ವರ್ಷ ಮುಂಚೆ!

ನಮ್ಮಲ್ಲಿ ಕುಡಿತ ಬಿಟ್ಟವರ ಗುಂಪು ಹುಡುಕೋದು ಕಷ್ಟ ಅಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡ್ತಾರೆ. ಶಿಬಿರ ಮುಗಿಸಿದವರನ್ನ ಹಾಗೇ ಕೈಬಿಡದೆ ‘ನವಜೀವನ ಸಮಿತಿ’ಗಳಲ್ಲಿ ಕೂಡಿಸ್ತಾರೆ. ಬಿಟ್ಟವನು ಬಿಟ್ಟವನನ್ನ ನೋಡಿಕೊಳ್ಳಬೇಕು ಅನ್ನೋ ತತ್ವವೇ ಅದು. ಜೂಜಿಗೆ ಅಂಥದ್ದು ಸಿಗೋದು ಅಪರೂಪ. ಕುಡಿದರೆ ವಾಸನೆ ಬರುತ್ತೆ, ಕಾಲು ತಡವರಿಸುತ್ತೆ, ಲಿವರ್ ಕೆಡುತ್ತೆ. ಜೂಜಾಡಿದವನು ನೆಟ್ಟಗೆ ನಡ್ಕೊಂಡು ಮನೆಗೆ ಬರ್ತಾನೆ. ಜೊತೆಗೆ ಯುಗಾದಿ ದಿನ ಮನೆಮನೆಯಲ್ಲೂ ಇಸ್ಪೀಟು ಹಾಕೋ ಊರು ನಮ್ಮದು. ಹಬ್ಬದಲ್ಲಿ ಶಾಸ್ತ್ರ ಆಗಿರೋದನ್ನ ಮಾರನೇ ದಿನ ರೋಗ ಅಂದ್ರೆ ಯಾರು ನಂಬ್ತಾರೆ?

ಹಾಗಂತ ಇದು ಹೊಸ ರೋಗವೂ ಅಲ್ಲ. ಋಗ್ವೇದದ ಹತ್ತನೇ ಮಂಡಲದ 34ನೇ ಸೂಕ್ತದಲ್ಲಿ ಒಬ್ಬ ಜೂಜುಕೋರ ಅಳ್ತಾನೆ. ಅತ್ತೆ ದ್ವೇಷಿಸ್ತಾಳೆ, ಹೆಂಡತಿ ದೂರ ಆದಳು, ಇನ್ನು ಆಡಲ್ಲ ಅಂದುಕೊಂಡರೂ ದಾಳದ ಸದ್ದು ಕೇಳಿದ್ರೆ ಕಾಲು ಅತ್ತ ಹೋಗುತ್ತೆ ಅಂತ. ಭಾರತದ ವನಪರ್ವದಲ್ಲಿ ಎಲ್ಲಾ ಸೋತು ಕಾಡಿಗೆ ಬಂದ ಧರ್ಮರಾಯ ಬೃಹದಶ್ವ ಮುನಿಯನ್ನ ಕೇಳ್ತಾನೆ, ನನ್ನಷ್ಟು ದುಃಖಿ ಬೇರೆ ಯಾರಾದರೂ ಇದ್ದಾರಾ ಅಂತ. ಮುನಿ ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಇನ್ನೊಬ್ಬ ಸೋತವನ ಕಥೆ ಹೇಳಿದ. ಅದೇ ನಳನ ಕಥೆ. ನಮ್ಮ ಕನಕದಾಸರು ‘ನಳಚರಿತ್ರೆ’ಯಾಗಿ ಬರೆದದ್ದೂ ಅವನದ್ದೇ. ಸೋತವನಿಗೆ ಸೋತವನ ಕಥೆಯೇ ಮದ್ದು ಅನ್ನೋದು ಆಕ್ರಾನ್‌ನಲ್ಲಿ ಹುಟ್ಟಿದ ವಿಚಾರ ಅಲ್ಲ ಕಣ್ರೀ. ಆದ್ರೆ ಒಂದು ತೊಂದರೆ ಇದೆ. ಆ ಕಥೆಯಲ್ಲಿ ನಳ ಅಕ್ಷಹೃದಯ ಕಲಿತು ತಿರುಗಿ ಆಡಿ ರಾಜ್ಯ ಗೆಲ್ತಾನೆ. ಜೂಜುಕೋರನ ಕಿವಿಗೆ ಬೀಳೋದು ಅದೊಂದೇ. ‘ಇನ್ನೊಂದೇ ಒಂದು ಸಲ’ ಅನ್ನೋದಕ್ಕೆ ಪುರಾಣದ ಸಾಕ್ಷಿಯೂ ಇದೆ ಅಂತ ಅಪ್ಪ ನಗ್ತಿದ್ದರು.

ಅಪ್ಪ ಕುಡುಕರ ಗುಂಪಿನಲ್ಲಿ ಏಳೆಂಟು ತಿಂಗಳು ಕೂತರು. ಮೊದಲ ವಾರಗಳಲ್ಲಿ ಬಾಯೇ ಬಿಡಲಿಲ್ಲವಂತೆ. ಯಾರೂ ಬಲವಂತ ಮಾಡಲಿಲ್ಲ. ಆಮೇಲೆ ಮಾರ್ಕೆಟ್ಟಿನದೇ ಇನ್ನೂ ಮೂರು ಜನ ಸಿಕ್ಕರು. ಒಬ್ಬ ಹಮಾಲಿ, ಒಬ್ಬ ಬಸ್ ಕಂಡಕ್ಟರು, ಒಬ್ಬ ಬಾಳೆ ಎಲೆ ಮಾರೋನು. ವ್ಯಾಪಾರ ಇಳಿದ ಮೇಲೆ ವಾರಕ್ಕೊಂದು ಮಧ್ಯಾಹ್ನ ಮಂಡಿಯ ಹಿಂದೆ ಖಾಲಿ ಮಂಕರಿಗಳ ಪಕ್ಕ ಗೋಣಿ ಹಾಸಿ ಕೂರೋರು. ಹೆಸರಿಲ್ಲ, ಬೋರ್ಡಿಲ್ಲ, ಅಧ್ಯಕ್ಷರಿಲ್ಲ. ನಿಯಮ ಮೂರೇ. ಸಂಬಳ ನೇರ ಹೆಂಡತಿ ಕೈಗೆ. ಜೇಬಿನಲ್ಲಿ ಕಾಫಿ, ಬಸ್ಸಿನ ಚಾರ್ಜು ಬಿಟ್ಟು ಏನೂ ಇರಬಾರದು. ನಾಲ್ವರಲ್ಲಿ ಯಾರೂ ಯಾರಿಗೂ ಸಾಲ ಕೊಡಬಾರದು.

ಅಪ್ಪ ಅಲ್ಲೂ ಗುಮಾಸ್ತನ ಬುದ್ಧಿ ಬಿಡಲಿಲ್ಲ. ಒಂದು ಕೆಂಪು ರಟ್ಟಿನ ಲೆಕ್ಕದ ಪುಸ್ತಕ ತಂದರು. ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು, ತಿಂಗಳಿಗೆ ಎಷ್ಟು ತೀರಿಸಬಹುದು. ಮನೆಖರ್ಚು ಮೊದಲು, ಸಾಲ ಆಮೇಲೆ. ಆ ಹಾಳೆ ಬರೆಯುವಾಗ ಹೆಂಡತಿಯೂ ಪಕ್ಕದಲ್ಲಿ ಇರಲೇಬೇಕು. ಬಡ್ಡಿಯವನ ಹತ್ತಿರ ಹೂವಿನ ಮಾವ ಜೊತೆಗೆ ಹೋಗಿ ಕಂತು ಮಾತಾಡಿ ಬರೋರು. ಎಷ್ಟೋ ವರ್ಷದ ನಂತರ ಅಮೆರಿಕದ ಗುಂಪಿನ ಬಗ್ಗೆ ಓದುವಾಗ ನಾನು ಬೆಚ್ಚಿಬಿದ್ದೆ. ಅಲ್ಲೂ ಹಳಬರು ಹೊಸಬನನ್ನೂ ಅವನ ಹೆಂಡತಿಯನ್ನೂ ಕೂಡಿಸಿಕೊಂಡು, ಸಾಲದ ಪಟ್ಟಿ ಮಾಡಿ, ಸಂಸಾರದ ಖರ್ಚು ತೆಗೆದಿಟ್ಟು ಕಂತು ಹಾಕಿಕೊಡೋ ಪದ್ಧತಿ ಇದೆ. ‘ಪ್ರೆಶರ್ ರಿಲೀಫ್’ ಅಂತ ಕರೀತಾರೆ. ಮಂಕರಿ ಪಕ್ಕ ಕೂತ ನಾಲ್ವರಿಗೆ ಅದರ ಗಂಧವೂ ಇರಲಿಲ್ಲ. ಸಾಲದ ಹೆದರಿಕೆ ಇಳಿಯದೆ ಆಟದ ಆಸೆ ಇಳಿಯಲ್ಲ ಅಂತ ಎರಡೂ ಕಡೆ ಅನುಭವವೇ ಹೇಳಿಕೊಟ್ಟಿತ್ತು.

ಎಲ್ಲರೂ ಗೆದ್ದರು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಕಂಡಕ್ಟರು ಎರಡು ಸಲ ತಿರುಗಿ ಬಿದ್ದರು, ಮೂರನೇ ಸಲ ಬರಲೇ ಇಲ್ಲ. ಅವರ ಹಾಳೆ ಅರ್ಧಕ್ಕೇ ನಿಂತಿದೆ. ಅಪ್ಪ ಅದನ್ನ ಹರಿದು ಹಾಕಿಲ್ಲ.

ಈಗ ನನ್ನ ಸರದಿ. ಇಷ್ಟೆಲ್ಲಾ ಕಣ್ಣಾರೆ ನೋಡಿದ ನಾನು 2020ರ ಲಾಕ್‌ಡೌನಿನಲ್ಲಿ ಮೊಬೈಲಿನಲ್ಲಿ ರಮ್ಮಿ ಶುರು ಮಾಡಿದೆ. ಮಟ್ಕಾ ಆಡೋರು ಪೆದ್ದರು, ಇದು ಬುದ್ಧಿಯ ಆಟ ಅಂತ ನನ್ನ ವಾದ. ಕುದುರೆ ರೇಸು ಕೌಶಲದ ಆಟ ಅಂತ ಸುಪ್ರೀಂ ಕೋರ್ಟೇ 1996ರಲ್ಲಿ ಹೇಳಿಲ್ವಾ, ರಮ್ಮಿಯೂ ಹಾಗೇ ಅಂತ ಕಾನೂನೂ ಮಾತಾಡ್ತಿದ್ದೆ. ಆಟ ಕೌಶಲದ್ದೇ ಇರಬಹುದು. ರಾತ್ರಿ ಎರಡು ಗಂಟೆಗೆ ಬಾತ್‌ರೂಮಿನಲ್ಲಿ ಕೂತು ಮಗಳ ಫೀಸಿನ ದುಡ್ಡು ಹಾಕೋದರಲ್ಲಿ ಯಾವ ಕೌಶಲ ಇತ್ತೋ ಕಾಣೆ.

2021ರ ಅಕ್ಟೋಬರಿನಲ್ಲಿ ನಮ್ಮ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಬಾಜಿ ನಿಷೇಧಿಸ್ತು. ಕರ್ನಾಟಕದವರಿಗೆ ಆಟ ಇಲ್ಲ ಅಂತ ಪರದೆ ಮೇಲೆ ಬಂದಾಗ, ನಿಜ ಹೇಳ್ತೀನಿ, ನನಗೆ ಉಸಿರು ಬಂದಂತಾಯ್ತು. ನಾಲ್ಕು ತಿಂಗಳು ಆಡಲಿಲ್ಲ, ಬಿಟ್ಟೆ ಅಂದುಕೊಂಡೆ. 2022ರ ಫೆಬ್ರುವರಿ 14ರಂದು ಹೈಕೋರ್ಟು ಆ ತಿದ್ದುಪಡಿಯನ್ನ ರದ್ದು ಮಾಡ್ತು. ಅದೇ ವಾರ ನಾನು ತಿರುಗಿ ಆಡಿದೆ. ಹದಿನೈದು ವರ್ಷದ ಹಿಂದೆ ಅಪ್ಪನ ಮೂರು ವಾರ ಏನಾಗಿತ್ತೋ ನನ್ನ ನಾಲ್ಕು ತಿಂಗಳೂ ಅದೇ ಆಗಿತ್ತು. ಅಂಗಡಿ ಮುಚ್ಚಿತ್ತು, ನಾನು ಬಿಟ್ಟಿರಲಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತೇ ದುಡ್ಡಿನ ಆನ್‌ಲೈನ್ ಆಟಗಳ ವಿರುದ್ಧ ಕಾಯ್ದೆ ಮಾಡಿದೆ. ಒಳ್ಳೆಯದೇ. ಅಂಗಡಿ ಮುಚ್ಚೋದು ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ಆದ್ರೆ ಮುಚ್ಚಿದ ಅಂಗಡಿಯ ಮುಂದೆ ಕೈ ನಡುಗ್ತಾ ನಿಂತಿರೋನನ್ನ ಯಾರು ಕರ್ಕೊಂಡು ಹೋಗ್ತಾರೆ ಅನ್ನೋದು ಬೇರೆ ಪ್ರಶ್ನೆ.

ಅಪ್ಪನ ಕಾಲದ ಜೂಜು ನಾಲ್ಕು ಜನರ ನಡುವೆ ನಡೀತಿತ್ತು. ಹಾಗಾಗಿ ಹೂವಿನ ಮಾವನ ಕಣ್ಣಿಗೆ ಬಿತ್ತು. ನನ್ನ ಜೂಜು ಅಂಗೈಯಲ್ಲಿತ್ತು, ಪಕ್ಕದಲ್ಲಿ ಮಲಗಿದ್ದ ಹೆಂಡತಿಗೂ ಗೊತ್ತಾಗಲಿಲ್ಲ. ಸಮಾಧಾನ ಹೇಳೋಕೆ ಸೋತ ಗೆಳೆಯನೂ ಇಲ್ಲ, ಕಿವಿ ಹಿಂಡೋಕೆ ಮಾವನೂ ಇಲ್ಲ. ಹೂವಿನ ಮಾವ ತೀರಿಕೊಂಡು ಆಗಲೇ ಐದು ವರ್ಷ ಆಗಿತ್ತು.

ಕೊನೆಗೆ ನಾನೇ ಹೋಗಿ ಅಪ್ಪನಿಗೆ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. ಅವರು ಎದ್ದು ಬೀರು ತೆಗೆದು ಆ ಕೆಂಪು ಪುಸ್ತಕ ತಂದರು. ಖಾಲಿ ಹಾಳೆ ಹುಡುಕಿ ಮೇಲೆ ನನ್ನ ಹೆಸರು ಬರೆದರು.

‘ಎಷ್ಟು?’

‘ಒಂದು ಲಕ್ಷದ ನಲವತ್ತು.’

ಅವರು ಬರೆಯಲಿಲ್ಲ. ಪೆನ್ನು ಹಿಡಿದು ಸುಮ್ಮನೆ ಕೂತರು. ಆಮೇಲೆ ಮೆಲ್ಲಗೆ, ‘ಮೊದಲ ಸಲ ಯಾರೂ ಪೂರ್ತಿ ಹೇಳಲ್ಲ ಮಗಾ. ನಾನೂ ಹೇಳಿರಲಿಲ್ಲ. ನಿನ್ನ ಹೆಂಡತಿನ ಕರಿ, ಅವಳ ಮುಂದೆ ಬರೆಯೋಣ’ ಅಂದರು.

ಪೂರ್ತಿ ಮೊತ್ತ ಮೂರು ಲಕ್ಷದ ಹತ್ತು ಸಾವಿರ. ಅದನ್ನ ಬಾಯಿಬಿಟ್ಟು ಹೇಳೋಕೆ ಒಂದು ಗಂಟೆ ಬೇಕಾಯ್ತು. ಮಾರನೇ ವಾರ ನಿಮ್ಹಾನ್ಸ್‌ಗೂ ಹೋದೆ. ಮೊಬೈಲ್, ಇಂಟರ್ನೆಟ್ ಗೀಳಿಗೆ ಅಂತಲೇ 2014ರಿಂದ ಅಲ್ಲಿ ‘ಶಟ್’ ಅನ್ನೋ ಕ್ಲಿನಿಕ್ ಇದೆ. ಡಾಕ್ಟರ ಹತ್ತಿರ ಹೋಗೋದು ಬೇರೆ, ಬಿಟ್ಟವರ ಜೊತೆ ಕೂರೋದು ಬೇರೆ. ನನಗೆ ಎರಡೂ ಬೇಕಾಯ್ತು.

ಸಾಲ ಇನ್ನೂ ಪೂರ್ತಿ ತೀರಿಲ್ಲ, ಕಂತು ನಡೀತಾ ಇದೆ. ಅಪ್ಪನಿಗೆ ಈಗ ಎಪ್ಪತ್ತನಾಲ್ಕು. ಮಂಡಿ ಬಿಟ್ಟಿದ್ದಾರೆ, ಮಾರ್ಕೆಟ್ಟು ಬಿಟ್ಟಿಲ್ಲ. ವಾರಕ್ಕೊಮ್ಮೆ ಮಧ್ಯಾಹ್ನ ನಾನೂ ಜೊತೆಗೆ ಹೋಗ್ತೀನಿ. ಹಮಾಲಿ ಮಾವ ಬರ್ತಾರೆ. ಫುಡ್ ಡೆಲಿವರಿ ಮಾಡೋ ಇಬ್ಬರು ಹುಡುಗರು, ಕ್ರಿಕೆಟ್ ಬೆಟ್ಟಿಂಗಿನಲ್ಲಿ ಬೈಕು ಕಳ್ಕೊಂಡವರು, ಹೊಸದಾಗಿ ಸೇರಿದ್ದಾರೆ. ಪುಸ್ತಕದಲ್ಲಿ ಹಾಳೆ ಮುಗೀತಾ ಬಂತು ಅಂತ ಅಪ್ಪ ಮೊನ್ನೆ ಅವೆನ್ಯೂ ರೋಡಿನಲ್ಲಿ ಇನ್ನೊಂದು ಕೊಂಡರು.

ಇದನ್ನ ಓದ್ತಾ ನಿಮಗೆ ನಿಮ್ಮ ಮನೆಯ ಯಾರಾದರೂ ನೆನಪಾದರೆ, ಅಥವಾ ನೀವೇ ನೆನಪಾದರೆ, 14416ಕ್ಕೆ ಒಂದು ಫೋನ್ ಮಾಡಿ. ಸರ್ಕಾರದ ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಅಲ್ಲೂ ಮೊದಲ ಸಲ ಪೂರ್ತಿ ಮೊತ್ತ ಹೇಳೋಕೆ ಆಗದೇ ಇರಬಹುದು. ಪರವಾಗಿಲ್ಲ, ಅರ್ಧ ಹೇಳಿ. ಉಳಿದದ್ದನ್ನ ಎರಡನೇ ಸಲ ಹೇಳಿದರಾಯ್ತು.